ತರಕಾರಿ ಅಂಗಡಿಯ ಹೂವಿನ ಕೋಣೆ

ಅಂಗಡಿಯ ಹಿಂದಿನ ಕೋಣೆಯಿಂದ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ತಂಗೀ,

ಹೇಗಿದ್ದೀಯ? ಮೊಣಕಾಲಿನ ಊತ ಇಳಿಯಿತೇ? ನೀನು ಕೆಲಸ ಮಾಡುವ ಬಟ್ಟೆ ಅಂಗಡಿಯವರು ನಿನಗೊಂದು ಸ್ಟೂಲು ಕೊಟ್ಟಿದ್ದಾರೆ, ಆದರೆ ಗಿರಾಕಿ ಒಳಗೆ ಬಂದರೆ ಎದ್ದು ನಿಲ್ಲಬೇಕು ಎಂದು ಹೋದ ಸಲ ನೀನೇ ಬರೆದಿದ್ದೆ. ಅಂಥ ಸ್ಟೂಲು ಕೂರುವುದಕ್ಕೋ ನೋಡಿ ಆಸೆಪಡುವುದಕ್ಕೋ, ಮಾಲೀಕರನ್ನು ಒಮ್ಮೆ ಕೇಳು. ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ನಿನಗೆ ಐವತ್ತೇಳಾಯಿತು ಎಂದರೆ ನನಗೆ ಈಗಲೂ ನಂಬಿಕೆ ಬರುವುದಿಲ್ಲ. ನನಗೆ ಅರವತ್ನಾಲ್ಕಾಯಿತು ಎನ್ನುವುದು ಮಾತ್ರ ಮೆಟ್ಟಿಲು ಹತ್ತುವಾಗಲೆಲ್ಲ ಮನದಟ್ಟಾಗುತ್ತದೆ. ರಕ್ತದೊತ್ತಡದ ಮಾತ್ರೆ ಒಂದಿದ್ದದ್ದು ಎರಡಾಗಿದೆ. ಕಣ್ಣು ಮಂಜು, ಕಿವಿ ಮಂದ, ಹಲ್ಲಿನ ವಿಷಯ ಎತ್ತದಿರುವುದೇ ಮೇಲು. ದೇಹದಲ್ಲಿ ಹರೆಯದ ಹಾಗೆ ಕೆಲಸ ಮಾಡುತ್ತಿರುವುದು ಮೂಗೊಂದೇ, ಅದೇ ನನಗೊಂದು ಶಿಕ್ಷೆಯಾಗಿದೆ. ಈಗ ನಾನು ಕೂತಿರುವ ಜಾಗದ ಪಕ್ಕದಲ್ಲಿ ಆಲೂಗೆಡ್ಡೆಯ ಮೂಟೆಗಳಿವೆ. ಕೆಳಗಿನ ಮೂಟೆಯಲ್ಲಿ ಎಲ್ಲೋ ಒಂದು ಗೆಡ್ಡೆ ಮಂಗಳವಾರದಿಂದ ಕೊಳೆಯುತ್ತಿದೆ. ಮೂರು ಸಲ ಹೇಳಿದೆ, ನನ್ನನ್ನು ಬಿಟ್ಟು ಇನ್ನು ಯಾರಿಗೂ ವಾಸನೆ ಬರುತ್ತಿಲ್ಲವಂತೆ. ನಿನಗೆ ಬರುತ್ತಿತ್ತು. ನಾವಿಬ್ಬರೂ ಅಮ್ಮನ ಮೂಗು ಪಡೆದುಕೊಂಡವರು.

ಈಗ ನಿಜವಾದ ಸುದ್ದಿಗೆ ಬರುತ್ತೇನೆ. ನಮ್ಮ ಅಂಗಡಿಗೆ ಈ ಏಪ್ರಿಲ್‌ಗೆ ಅರವತ್ತು ವರ್ಷ ತುಂಬುತ್ತದೆ. ಅರವತ್ತು ತುಂಬಿದ ಅಂಗಡಿ ತನ್ನ ಪಾಡಿಗೆ ತಾನು ಬಾಗಿಲು ತೆಗೆದುಕೊಂಡು ವ್ಯಾಪಾರ ಮಾಡಿಕೊಂಡಿರಬೇಕು. ಆದರೆ ನನ್ನ ಸುಪುತ್ರನಿಗೆ ಅದು ಸಾಲದು. ಅಂಗಡಿಯ ಚರಿತ್ರೆ ಬರೆಸಿ, ಪುಸ್ತಕ ಮಾಡಿ, ಎಲ್ಲ ಗಿರಾಕಿಗಳಿಗೂ ಹಂಚುತ್ತಾನಂತೆ. ಅದಕ್ಕೆಂದೇ ಒಬ್ಬ ಮಹಾಶಯನನ್ನು ಗೊತ್ತು ಮಾಡಿದ್ದಾನೆ. ಮೂರು ವಾರದಿಂದ ಬಂದು ನಮ್ಮ ತಕ್ಕಡಿ, ಬುಟ್ಟಿ, ಬಾಗಿಲ ಚಿಲಕ ಎಲ್ಲದರ ಫೋಟೋ ತೆಗೆದ. ಮೈತುಂಬ ಎಂಥದೋ ಅತ್ತರು ಸುರಿದುಕೊಂಡು ಬರುತ್ತಾನೆ. ಅವನು ಹೋಗಿ ಒಂದು ಗಂಟೆಯಾದರೂ ಕೊತ್ತಂಬರಿ ಸೊಪ್ಪಿನಲ್ಲಿ ಅದೇ ವಾಸನೆ. ನಾನು ಅವನಿಗೆ ಅತ್ತರು ಎಂದೇ ಹೆಸರಿಟ್ಟಿದ್ದೇನೆ, ಎದುರಿಗೇ ಹಾಗೆ ಕರೆದರೂ ಹಲ್ಲು ಕಿರಿಯುತ್ತಾನೆ. ಅವನು ಬರೆದ ಪುಸ್ತಕದ ಹೆಸರು 'ಪರಿಮಳದ ಅರವತ್ತು ವರ್ಷ'. ಈ ಮೂಟೆಗಳ ಪಕ್ಕದಲ್ಲಿ ಕೂತು ಆ ಹೆಸರನ್ನು ಓದಬೇಕು ನೀನು.

ಅಚ್ಚಿಗೆ ಹೋಗುವ ಮೊದಲು ಮನೆಯ ಹಿರಿಯರು ಓದಿ, ಇದರಲ್ಲಿರುವುದೆಲ್ಲ ನಿಜ ಎಂದು ಕೊನೆಯ ಪುಟದಲ್ಲಿ ರುಜು ಹಾಕಬೇಕಂತೆ. ಆ ರುಜುವನ್ನೂ ಅಚ್ಚು ಮಾಡುತ್ತಾರಂತೆ. ಹಿರಿಯ ಅಂದರೆ ಈಗ ನಾನು. ಶನಿವಾರದೊಳಗೆ ರುಜು ಬೇಕು ಎಂದು ಮಗ ಎರಡು ದಿನದಿಂದ ಪೆನ್ನು ಹಿಡಿದುಕೊಂಡು ಹಿಂದೆ ಮುಂದೆ ಸುತ್ತುತ್ತಿದ್ದಾನೆ. ನಾನು ಕನ್ನಡಕ ಒಡೆದಿದೆ ಎಂದೆ. ಹೊಸ ಕನ್ನಡಕ ತಂದುಕೊಟ್ಟ. ಹೊಟ್ಟೆನೋವು ಎಂದೆ, ಅದು ಸುಳ್ಳೂ ಅಲ್ಲ. ಆ ಪುಸ್ತಕದ ಹನ್ನೊಂದನೆಯ ಪುಟದಲ್ಲಿ ನಿನ್ನ ಬಗ್ಗೆ ಒಂದು ಸಾಲಿದೆ. ಆ ಸಾಲಿಗೆ ನಾನು ರುಜು ಹಾಕಬೇಕೇ ಬೇಡವೇ ಎನ್ನುವುದೇ ಈಗ ನನ್ನ ಮುಂದಿರುವ ಪ್ರಶ್ನೆ. ಸಾಲು ಏನೆಂದು ಆಮೇಲೆ ಬರೆಯುತ್ತೇನೆ, ಮೊದಲು ಉಳಿದದ್ದನ್ನು ಕೇಳು, ಇಲ್ಲದಿದ್ದರೆ ನೀನು ಕಾಗದವನ್ನು ಅರ್ಧಕ್ಕೇ ಮಡಿಸಿಟ್ಟುಬಿಡುತ್ತೀಯ.

ಮೊದಲ ಪುಟದಲ್ಲಿ ಅಪ್ಪನ ಫೋಟೋ. ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತು ಸಿಗರೇಟು ಸೇದುತ್ತಿರುವುದು, ನೀನೂ ನೋಡಿದ್ದೀಯ. ಅತ್ತರು ಅದರಲ್ಲಿ ಸಿಗರೇಟನ್ನು ಅಳಿಸಿ, ಬೆರಳುಗಳ ನಡುವೆ ಒಂದು ಗುಲಾಬಿ ಇಟ್ಟಿದ್ದಾನೆ. ಹೊಗೆ ಅಳಿಸುವುದನ್ನು ಮರೆತಿದ್ದಾನೆ. ಅಪ್ಪ ಗುಲಾಬಿ ಹೂವನ್ನು ಹಚ್ಚಿಕೊಂಡು ಸೇದುತ್ತಿರುವ ಹಾಗೆ ಕಾಣುತ್ತದೆ. ಕೆಳಗೆ 'ದೂರದೃಷ್ಟಿಯ ಸ್ಥಾಪಕರು' ಎಂದು ಬರೆದಿದೆ. ಅಂಗಡಿ ಸ್ಥಾಪಿಸಿದ್ದು ಅಪ್ಪನಲ್ಲ ಎಂದು ನಿನಗೆ ಗೊತ್ತು, ನೀನು ಹುಟ್ಟುವ ಮುಂಚಿನದಾದರೂ ನೂರು ಸಲ ಕೇಳಿದ್ದೀಯ. ಅಪ್ಪನ ಕಾರ್ಖಾನೆ ಬಾಗಿಲು ಹಾಕಿತ್ತು, ಅವರು ದಿನವೂ ಅಂಗಿ ಇಸ್ತ್ರಿ ಮಾಡಿಕೊಂಡು ಕೆಲಸ ಹುಡುಕಲು ಹೋಗಿ ಇಸ್ಪೀಟು ಆಡಿ ಬರುತ್ತಿದ್ದರು. ಅಮ್ಮ ಬೀದಿಯ ಕಡೆಯ ಕಿಟಕಿಯ ಸರಳು ಬಿಚ್ಚಿಸಿ, ಹಲಗೆ ಹಾಕಿ, ಒಂದು ಬುಟ್ಟಿ ಆಲೂಗೆಡ್ಡೆ, ಒಂದು ಬುಟ್ಟಿ ಈರುಳ್ಳಿ ಇಟ್ಟುಕೊಂಡು ಕೂತಳು. ಆಗ ನನಗೆ ನಾಲ್ಕು ವರ್ಷ. ಆ ಹಲಗೆಯ ಕೆಳಗೆ ಮಲಗಿಕೊಂಡು ಗಿರಾಕಿಗಳ ಚಪ್ಪಲಿ ನೋಡುತ್ತಿದ್ದದ್ದು ನೆನಪಿದೆ. ಪುಸ್ತಕದಲ್ಲಿ ಅಮ್ಮನಿಗೆ ಒಂದೇ ಒಂದು ಸಾಲು ಸಿಕ್ಕಿದೆ, 'ಬೆನ್ನೆಲುಬಾಗಿ ನಿಂತರು' ಎಂದು. ಮೂಟೆ ಹೊತ್ತು ಹೊತ್ತು ಅಮ್ಮನ ಬೆನ್ನೆಲುಬು ಏನಾಗಿತ್ತು ಎಂದು ರಾತ್ರಿಯೆಲ್ಲ ಎಣ್ಣೆ ತಿಕ್ಕುತ್ತಿದ್ದ ನಿನ್ನನ್ನು ಕೇಳಬೇಕಿತ್ತು. ನಾನು ಇದನ್ನು ಹೇಳಿದಾಗ ಅತ್ತರು ಬಹಳ ವಿನಯದಿಂದ, "ಓದೋರಿಗೆ ಖುಷಿ ಆಗೋ ಹಾಗಿರಬೇಕು ಸರ್" ಎಂದ.

ಇನ್ನು ಹೂವಿನ ಅಧ್ಯಾಯ. ಸ್ಥಾಪಕರ ಸೌಂದರ್ಯಪ್ರಜ್ಞೆಯಿಂದ ಹೂವಿನ ವಿಭಾಗ ಅರಳಿತಂತೆ. ಅಪ್ಪನ ಸೌಂದರ್ಯಪ್ರಜ್ಞೆ ಎಷ್ಟಿತ್ತೆಂದರೆ, ಹೂಕೋಸನ್ನೂ ಸೇವಂತಿಯನ್ನೂ ಅವರು ತೂಕದಿಂದ ಮಾತ್ರ ಗುರುತಿಸುತ್ತಿದ್ದರು. ಹೂವು ನಮ್ಮ ಅಂಗಡಿಗೆ ಬಂದದ್ದು ದುರ್ನಾತದಿಂದ. ಅಮ್ಮ ಹೋಗಿ ಎರಡು ವರ್ಷವಾಗಿತ್ತು, ನಿನಗೆ ಹದಿನೈದು. ಚರಂಡಿ ರಿಪೇರಿ ಎಂದು ಬೀದಿ ಅಗೆದವರು ಅಗೆದು ಹಾಗೇ ಬಿಟ್ಟು ಹೋಗಿದ್ದರು. ನಮ್ಮ ಬಾಗಿಲ ಮುಂದೆಯೇ ನೀರು ನಿಂತಿತ್ತು, ಅದರಲ್ಲಿ ಅಪ್ಪ ಎಸೆದ ಎಲೆಕೋಸಿನ ಹೊರಗಿನ ಎಲೆಗಳು ಕೊಳೆತು ಲೋಳೆಯಾಗಿದ್ದವು. ಜನ ಮೂಗು ಮುಚ್ಚಿಕೊಂಡು ಎದುರಿನ ಸಾಲಿಗೆ ಹೋಗುತ್ತಿದ್ದರು. ನೀನು ಹಿಂದಿನ ಓಣಿಯ ನಿವೃತ್ತ ಟೀಚರಮ್ಮನ ಹಿತ್ತಲಿಗೆ ಹೋಗಿ, ಕೇಳಿ, ಹೊರಲಾರದಷ್ಟು ಸೇವಂತಿ ಕೊಯ್ದು ತಂದು ಎಣ್ಣೆ ಡಬ್ಬಗಳಲ್ಲಿ ತುಂಬಿ ಬಾಗಿಲ ಎರಡೂ ಕಡೆ ಇಟ್ಟೆ. ನಾತ ಮುಚ್ಚುವುದಕ್ಕೆ, ಅಷ್ಟೇ. ಮೂರನೆಯ ದಿನ ಡಾಕ್ಟರ ಹೆಂಡತಿ ಬಂದು, ತರಕಾರಿಯನ್ನು ಕಣ್ಣೆತ್ತಿಯೂ ನೋಡದೆ, ಒಂದು ಡಬ್ಬ ಪೂರ್ತಿ ಹೂವು ಕೊಂಡುಕೊಂಡು ಹೋದಳು. ಅಪ್ಪ ಬಾಯಿ ಬಿಟ್ಟುಕೊಂಡು ನೋಡಿ, "ಇದಕ್ಕೂ ದುಡ್ಡು ಕೊಡ್ತಾರಾ?" ಎಂದರು. ಸೌಂದರ್ಯಪ್ರಜ್ಞೆ ಮಾತಾಡಿದ್ದು ಅದೊಂದೇ ಮಾತು.

ಆಮೇಲೆ ನೀನು ಅಂಗಡಿಯ ಹಿಂದಿದ್ದ ಹಳೆಯ ಬಚ್ಚಲುಮನೆಯನ್ನು ತೊಳೆದು ಬಳಿದು ಹೂವಿನ ಕೋಣೆ ಮಾಡಿಕೊಂಡೆ. ದಪ್ಪ ಗೋಡೆ, ಒಂದೇ ಸಣ್ಣ ಕಿಂಡಿ, ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಅಲ್ಲಿ ನಿನ್ನದು ಎಂಥ ಕಟ್ಟುನಿಟ್ಟು. ಬಕೀಟು ತೊಳೆದೆ ಎಂದರೆ ನೀನು ನಂಬುತ್ತಿರಲಿಲ್ಲ, ಒಳಗೆ ಬೆರಳಾಡಿಸಿ ಲೋಳೆ ಇದೆಯೇ ನೋಡುತ್ತಿದ್ದೆ. "ಇದರಲ್ಲಿ ನೀನು ನೀರು ಕುಡೀತೀಯಾ? ಕುಡಿಯಲ್ಲ ಅಂದ್ರೆ ಇನ್ನೊಂದು ಸಲ ತಿಕ್ಕು" ಎನ್ನುತ್ತಿದ್ದೆ. ನಾನು ನಿನಗಿಂತ ಏಳು ವರ್ಷ ದೊಡ್ಡವನು, ಮದುವೆಯಾಗಿ ಮಗು ಇದ್ದವನು. ಕೂತು ಬಕೀಟು ತಿಕ್ಕಿದ್ದೇನೆ. ದಂಟುಗಳನ್ನು ಓರೆಯಾಗಿ ಕತ್ತರಿಸುವುದು, ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ಕಿತ್ತುಬಿಡುವುದು, ದಿನಕ್ಕೆರಡು ಸಲ ನೀರು ಬದಲಿಸುವುದು. ಎಲ್ಲಕ್ಕಿಂತ ಹೆಚ್ಚಾಗಿ, ಆ ಬಾಗಿಲು ದಾಟಿ ಒಂದು ಹಣ್ಣು ಕೂಡ ಒಳಗೆ ಬರಕೂಡದು. "ಹಣ್ಣು ಉಸಿರು ಬಿಡುತ್ತೆ ಅಣ್ಣ, ಆ ಉಸಿರು ಕುಡಿದ ಹೂವಿಗೆ ಮುಪ್ಪು ಬರುತ್ತೆ" ಎಂದು ನೀನು ಹೇಳಿದ್ದೆ. ಸಗಟು ಹೂವಿನ ಮುದುಕ ನಿನಗೆ ಕಲಿಸಿದ್ದಂತೆ. ಅದರಲ್ಲೂ ಕಾರ್ನೇಷನ್. ಪಕ್ಕದಲ್ಲಿ ಮಾಗಿದ ಹಣ್ಣಿದ್ದರೆ ಆ ಹೂವು ಎಸಳುಗಳನ್ನು ಒಳಕ್ಕೆ ಮುದುಡಿಕೊಂಡು ಮಲಗಿಬಿಡುತ್ತದೆ, ಆಮೇಲೆ ಏನು ಮಾಡಿದರೂ ಏಳುವುದಿಲ್ಲ. ಕಾಯಿಯ ಬುಟ್ಟಿಯಲ್ಲಿ ಮಾಗಿದ ಸೇಬು ಇಟ್ಟು ಹಣ್ಣು ಮಾಡುವುದು ನಮಗೆ ಗೊತ್ತಿತ್ತು, ಅದೇ ಉಸಿರು ಹೂವನ್ನು ಕೊಲ್ಲುತ್ತದೆ ಎಂದು ಹೊಳೆದಿರಲಿಲ್ಲ. ನಾನು ಸೇಬು ತಿಂದು ಬಂದರೆ ನೀನು ಕೈ ತೊಳೆಸಿಯೇ ಒಳಗೆ ಬಿಡುತ್ತಿದ್ದೆ.

ಇಷ್ಟೆಲ್ಲ ಮಾಡಿದ್ದಕ್ಕೆ ನಿನ್ನ ಹೂವು ಬೇರೆಯವರ ಹೂವಿಗಿಂತ ಮೂರು ನಾಲ್ಕು ದಿನ ಹೆಚ್ಚು ಬಾಳುತ್ತಿತ್ತು. ಅಪ್ಪ ಅದಕ್ಕೇನೆಂದರು? "ನನ್ನ ಮಗಳ ಕೈಗುಣ" ಎಂದರು. ಬಂದವರಿಗೆಲ್ಲ ಅದನ್ನೇ ಹೇಳಿದರು. ನೀನು ಬಕೀಟು ತಿಕ್ಕಿ ಉಗುರು ಸವೆಸಿಕೊಂಡದ್ದು ಅವರ ಕಣ್ಣಿಗೆ ಬೀಳಲಿಲ್ಲ. ಹಣ್ಣಿನ ಕಟ್ಟಳೆಯನ್ನಂತೂ "ಅವಳದೊಂದು ಹುಚ್ಚು" ಎಂದು ನಕ್ಕುಬಿಟ್ಟರು. ಈಗ ಯೋಚಿಸಿದರೆ ನನಗೆ ಆ ಹೊಗಳಿಕೆಯ ಮೇಲೇ ಅಸಹ್ಯವಾಗುತ್ತದೆ. ದುಡಿಮೆಯನ್ನು ದುಡಿಮೆ ಎಂದಿದ್ದರೆ, ಒಂದು ದಿನ ಏನಾದರೂ ಕೆಟ್ಟಾಗ ಎಲ್ಲಿ ತಪ್ಪಾಯಿತು ಎಂದು ಹುಡುಕುತ್ತಿದ್ದರು. ಕೈಗುಣ ಎಂದದ್ದರಿಂದ ಹುಡುಕುವ ತೊಂದರೆಯೇ ಇರಲಿಲ್ಲ, ಕೈಯನ್ನು ಬೈದರೆ ಆಯಿತು. ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಇಪ್ಪತ್ತೊಂದು ವರ್ಷದ ಹಿಂದಿನ ಆ ಸೋಮವಾರದ ಬಗ್ಗೆ ನಾವಿಬ್ಬರೂ ಒಂದು ಪತ್ರದಲ್ಲೂ ಬರೆದುಕೊಂಡಿಲ್ಲ. ಇವತ್ತು ಬರೆಯದೆ ದಾರಿಯಿಲ್ಲ. ಮರದ ವ್ಯಾಪಾರಿಯ ಮಗಳ ಮದುವೆಗೆ ಸಾವಿರದ ಇನ್ನೂರು ಬಿಳಿ ಕಾರ್ನೇಷನ್ ಬೇಕಿತ್ತು. ಶುಕ್ರವಾರ ಬಂದ ಹೂವನ್ನು ಶನಿವಾರ ಮಧ್ಯಾಹ್ನದವರೆಗೆ ಒಂದೊಂದಾಗಿ ಕತ್ತರಿಸಿ ನೀರಿಗಿಟ್ಟು ನೀನು ಮನೆಗೆ ಹೋದೆ. ಭಾನುವಾರ ಅಂಗಡಿಗೆ ರಜೆ. ಸೋಮವಾರ ಬೆಳಗ್ಗೆ ನೀನು ಕೋಣೆಯ ಬಾಗಿಲು ತೆಗೆದಾಗ ಸಾವಿರದ ಇನ್ನೂರೂ ಮಲಗಿದ್ದವು. ಎಸಳಿನ ಅಂಚುಗಳು ಕಾಗದದ ಹಾಗೆ ತೆಳುವಾಗಿ, ಒಳಕ್ಕೆ ಮುದುಡಿ, ಕಂದುಬಣ್ಣಕ್ಕೆ ತಿರುಗಿದ್ದವು. ನೀನು ಕಿರುಚಲಿಲ್ಲ. ಒಂದು ಹೂವನ್ನು ಎತ್ತಿ ಮೂಸಿದೆ, ನೆಲಕ್ಕೆ ಬಗ್ಗಿ ಮೂಸಿದೆ. ನೆಲದಲ್ಲಿ ಫಿನಾಯಿಲ್ ವಾಸನೆ ಮಾತ್ರ ಇತ್ತು. ಆಮೇಲೆ ಹೊರಗೆ ಬಂದು ನಮ್ಮೆಲ್ಲರನ್ನೂ ನಿಲ್ಲಿಸಿ, "ಯಾರಾದ್ರೂ ಒಳಗೆ ಹಣ್ಣು ಇಟ್ಟಿದ್ರಾ?" ಎಂದು ಕೇಳಿದೆ. ಇಲ್ಲ ಎಂದೆವು. ಮದುವೆ ಮನೆಯವರು ಬಂದು ಕಂಡಾಬಟ್ಟೆ ಕೂಗಾಡಿದರು. ಅಪ್ಪ ಅವರ ಎದುರಿಗೇ, ಇಷ್ಟು ವರ್ಷ ಹೊಗಳಿದ ಅದೇ ಬಾಯಿಂದ, "ನನ್ನ ಮಗಳ ಕೈಗುಣ ಕೆಟ್ಟಿದೆ, ಇನ್ಮೇಲೆ ಅವಳು ಹೂವು ಮುಟ್ಟಲ್ಲ" ಎಂದರು. ನೀನು ನಿನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡೆ. ಆ ತಿಂಗಳೇ ಊರು ಬಿಟ್ಟು ಆ ಬಟ್ಟೆ ಅಂಗಡಿಗೆ ಸೇರಿಕೊಂಡೆ.

ನಿನಗೆ ಸಿಟ್ಟು ಬಂದು ಹೋಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನೀನು ನಂಬಿ ಹೋದೆ. ಅಪ್ಪ ತೀರಿಕೊಂಡಾಗ ಬಂದಿದ್ದೆಯಲ್ಲ, ಎಲ್ಲರೂ ಒಬ್ಬೊಬ್ಬರಾಗಿ ಹೂವು ಇಡುವಾಗ ನಿನ್ನ ಪಾಲಿನದನ್ನು ನನ್ನ ಕೈಗೆ ಕೊಟ್ಟು, "ನೀನೇ ಇಡು ಅಣ್ಣ, ನನ್ನ ಕೈ ಬೇಡ" ಎಂದೆ. ನಾನು ಇಟ್ಟೆ. ಇಟ್ಟು ಹೊರಗೆ ಬಂದು ಗೋಡೆ ಹಿಡಿದುಕೊಂಡು ವಾಂತಿ ಮಾಡಿದೆ. ಎಲ್ಲರೂ ಅಪ್ಪ ಹೋದ ದುಃಖ ಎಂದುಕೊಂಡರು. ನಿನ್ನ ಅತ್ತಿಗೆ ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟಳು.

ಈಗ ಹನ್ನೊಂದನೆಯ ಪುಟದ ಸಾಲು. 'ಕುಟುಂಬದ ಸದಸ್ಯೆಯೊಬ್ಬರ ಕೈಗುಣ ಒಗ್ಗದೆ ಹೂವಿನ ವಿಭಾಗವು ಕೆಲಕಾಲ ಬಾಡಿತ್ತು. ಹೊಸ ತಲೆಮಾರು ಅದಕ್ಕೆ ಮರುಜೀವ ನೀಡಿತು.' ಇಷ್ಟೇ. ಇಪ್ಪತ್ತೊಂದು ವರ್ಷ ಹೂವಿನ ವ್ಯಾಪಾರ ಬೆಳೆಸಿದ್ದಕ್ಕೆ ಒಂದು ಅಕ್ಷರವಿಲ್ಲ. ಹೊಸ ತಲೆಮಾರು ಎಂದರೆ ನನ್ನ ಮಗ. ಅವನ ಮರುಜೀವದ ವಿಚಾರವನ್ನೂ ಹೇಳುತ್ತೇನೆ. ಅವನು ಮೂರು ವರ್ಷದ ಹಿಂದೆ ಹೂವಿನ ವ್ಯಾಪಾರವನ್ನು ಮತ್ತೆ ಶುರು ಮಾಡಿ ಹೆಂಡತಿಗೆ ವಹಿಸಿದ. ಸೊಸೆ ಬೀಗ ರಿಪೇರಿ ಮಾಡುವವರ ಮನೆಯಿಂದ ಬಂದವಳು, ಹೂವಿನ ಗಂಧಗಾಳಿ ಗೊತ್ತಿರಲಿಲ್ಲ. ಆದರೂ ಬಿದ್ದು ಎದ್ದು ಕಲಿತಳು, ಬಕೀಟು ತಿಕ್ಕುವುದರಲ್ಲಿ ನಿನ್ನ ಹತ್ತಿರ ಹತ್ತಿರ ಬರುತ್ತಾಳೆ. ಹೋದ ತಿಂಗಳು ನನ್ನ ಮಗ ನಡುವಿನ ಗೋಡೆ ಒಡೆಸಿ, ಹಣ್ಣಿಗೂ ಹೂವಿಗೂ ಒಂದೇ ತಣ್ಣನೆಯ ಕೋಣೆ ಮಾಡಿದ. ಹತ್ತು ದಿನದ ಹಿಂದೆ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಇಟ್ಟಿದ್ದ ಕಾರ್ನೇಷನ್ ಅಷ್ಟೂ ಮಲಗಿಬಿಟ್ಟವು.

ನನ್ನ ಮಗ ಅತ್ತರಿನ ಎದುರಿಗೆ ಹಲ್ಲು ಬಿಟ್ಟುಕೊಂಡು, "ನಮ್ಮತ್ತೆ ಕೈಗುಣ ಇವಳಿಗೂ ಅಂಟಿಕೊಂಡಿದೆ" ಎಂದ. ಅತ್ತರು ನಕ್ಕು, ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದು ಬರೆದುಕೊಂಡ. ನಿನ್ನ ಸಾಲು ಹುಟ್ಟಿದ್ದು ಹೀಗೆ. ಸೊಸೆ ಹೋಗಿ, ತೊಳೆದ ಬಕೀಟುಗಳನ್ನೇ ಮತ್ತೆ ತೊಳೆಯತೊಡಗಿದಳು. ನಾನು ಅಲ್ಲೇ ಮೂಟೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಹಣ್ಣನ್ನು ಆಚೆ ಇಡು ಎಂದು ಒಂದು ಮಾತು ಹೇಳಿದ್ದರೆ ಆಗಿತ್ತು. ನಾನು ಬೆಳ್ಳುಳ್ಳಿ ಬಿಡಿಸುವುದನ್ನೇ ಮುಂದುವರಿಸಿದೆ. ಅವತ್ತಿನಿಂದ ಅನ್ನ ರುಚಿಸುತ್ತಿಲ್ಲ, ನನ್ನ ಮಗನ ಮುಖ ನೋಡಿದರೆ ಹೇಸಿಗೆಯಾಗುತ್ತದೆ, ಕನ್ನಡಿ ನೋಡಿದರೂ ಹಾಗೇ ಆಗುತ್ತದೆ.

ಆ ಸಾಲನ್ನು ತೆಗೆದುಹಾಕಿ ಎಂದು ಹೇಳಬಹುದು, ತೆಗೆಯುತ್ತಾರೆ ಕೂಡ. ತೆಗೆದರೆ ನೀನು ಆ ಪುಸ್ತಕದಲ್ಲಿ ಎಲ್ಲೂ ಇರುವುದಿಲ್ಲ. ಅದೂ ನನಗೆ ಒಪ್ಪಿಗೆಯಿಲ್ಲ. ಏನು ಮಾಡಲಿ ಹೇಳು. ಶನಿವಾರಕ್ಕೆ ಎರಡೇ ದಿನ ಇದೆ, ನೀನು ಉತ್ತರ ಬರೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಆದರೂ ಕೇಳುತ್ತಿದ್ದೇನೆ. ನಾಲ್ಕು ಗಂಟೆಯ ಅಂಚೆಗೆ ಇದನ್ನು ಹಾಕಬೇಕು.

ನಿನ್ನ ಅತ್ತಿಗೆ ನಿನ್ನನ್ನು ತುಂಬ ಕೇಳಿದಳೆಂದು ಬರೆಯಲು ಹೇಳಿದ್ದಾಳೆ, ಮಂಡಿಗೆ ಹಚ್ಚುವ ಎಣ್ಣೆ ಬೇಕಾದರೆ ಕಳಿಸುತ್ತಾಳಂತೆ. ಸ್ಟೂಲಿನ ಮೇಲೆ ಕೂತುಕೋ, ಯಾರು ಏನಂದರೂ ಸರಿ. ದೊಡ್ಡವನಾಗಿ ನಿನ್ನನ್ನು ಹರಸುವುದು ನನ್ನ ಪಾಲಿನ ಕೆಲಸ, ಹರಸಿದ್ದೇನೆ. ನನ್ನ ಹಾರೈಕೆಗೆ ಎಷ್ಟು ಶಕ್ತಿ ಉಳಿದಿದೆಯೋ ತಿಳಿಯದು.

ಇತಿ ನಿನ್ನ
ಅಣ್ಣ

ತಾ.ಕ.: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಲಕೋಟೆ ಅಂಟಿಸಿ ಮೇಲೇಳುವ ಹೊತ್ತಿಗೆ ಸೊಸೆ ಎರಡು ಗಾಜಿನ ಭರಣಿ ಹಿಡಿದುಕೊಂಡು ಒಳಗೆ ಬಂದಳು. ಎರಡರಲ್ಲೂ ಒಂದೊಂದು ಕಾರ್ನೇಷನ್, ಎರಡಕ್ಕೂ ಮುಚ್ಚಳ. ಒಂದರಲ್ಲಿ ಹೂವಿನ ಪಕ್ಕ ಒಂದು ಸೇಬು ಇಟ್ಟಿದ್ದಾಳೆ. ಸೇಬಿನ ಪಕ್ಕದ್ದು ಮಲಗಿದೆ, ಇನ್ನೊಂದು ನೆಟ್ಟಗೆ ನಿಂತಿದೆ. ಯಾರೂ ಹೇಳಿಕೊಡದೆ ಅವಳೇ ಕಂಡುಹಿಡಿದಿದ್ದಾಳೆ. ಭರಣಿಗಳನ್ನು ಈ ಕಾಗದದ ಪಕ್ಕದಲ್ಲೇ ಇಟ್ಟು, "ಮಾವ, ಇದು ನಿಮಗೆ ಮೊದಲೇ ಗೊತ್ತಿತ್ತಾ?" ಎಂದಳು. ಗೊತ್ತಿತ್ತು ಎಂದೆ. ಆಮೇಲೆ ನಿಲ್ಲಿಸಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ನಿನಗೆ ಮೊದಲು ಹೇಳಬೇಕಿತ್ತು.

ಹಣ್ಣು ಇಟ್ಟವನು ನಾನು. ಆ ಶನಿವಾರ ನೀನು ಮನೆಗೆ ಹೋದ ಮೇಲೆ ನಾನು ನೋಡಿಕೊಳ್ಳುತ್ತಿದ್ದ ಹಣ್ಣಿನ ಕಡೆಯ ತಂಪು ಯಂತ್ರ ಕೆಟ್ಟಿತು. ಹನ್ನೊಂದು ಪೆಟ್ಟಿಗೆ ಮಾಗಿದ ಕರಬೂಜ ಇತ್ತು, ಸೋಮವಾರದ ಹೊತ್ತಿಗೆ ಕೊಳೆತುಹೋಗುತ್ತಿತ್ತು. ನಿನ್ನ ಕೋಣೆ ತಣ್ಣಗಿತ್ತು. ಒಂದು ದಿನದ ಮಟ್ಟಿಗೆ ಏನಾಗುತ್ತದೆ ಎಂದುಕೊಂಡು ಒಳಗೆ ಜೋಡಿಸಿ ಬಾಗಿಲು ಹಾಕಿದೆ. ಸೋಮವಾರ ಬೆಳಗ್ಗೆ ನಿನಗಿಂತ ಮುಂಚೆ ಬಂದು ಬಾಗಿಲು ತೆಗೆದಾಗ ಹೂವು ನೋಡಿದೆ. ಪೆಟ್ಟಿಗೆಗಳನ್ನು ಹೊರಗೆ ಸಾಗಿಸಿದೆ, ನೆಲಕ್ಕೆ ಫಿನಾಯಿಲ್ ಸುರಿದು ತೊಳೆದೆ. ನೀನು ನನ್ನ ಕಣ್ಣು ನೋಡಿಕೊಂಡೇ ಕೇಳಿದೆ, ನಾನು ನಿನ್ನ ಕಣ್ಣು ನೋಡಿಕೊಂಡೇ ಇಲ್ಲ ಎಂದೆ. ಉಳಿದವರ 'ಇಲ್ಲ' ನಿಜವಾಗಿತ್ತು, ನನ್ನದೊಂದೇ ಸುಳ್ಳು. ಆ ಕರಬೂಜ ಅವತ್ತು ಸಂಜೆಯೊಳಗೆ ಪೂರ್ತಿ ಖರ್ಚಾಯಿತು. ಜನ ಬಾಯಿ ಚಪ್ಪರಿಸಿಕೊಂಡು ತಿಂದು, ಇಷ್ಟು ಸಿಹಿ ಹಣ್ಣು ಈ ವರ್ಷ ಕಂಡಿರಲಿಲ್ಲ ಎಂದರು. ನಾನು ಹೌದು ಎಂದೆ. ಅಪ್ಪನಿಗೆ ಹೆದರಿ ಹೇಳಲಿಲ್ಲ ಎಂದುಕೊಳ್ಳುತ್ತಿದ್ದೆ. ಅಪ್ಪ ಹೋಗಿ ಹನ್ನೆರಡು ವರ್ಷವಾಯಿತು, ಆಮೇಲೆ ಯಾರಿಗೆ ಹೆದರಿದ್ದೆ? ನಿನ್ನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ, ಈಗಲೂ ಇಲ್ಲ.

ಸೊಸೆ ಕೂಗಾಡಲಿಲ್ಲ. "ನಿಮ್ಮ ತಂಗಿಯವರಿಗೆ ಇದು ಗೊತ್ತಾ?" ಎಂದಷ್ಟೇ ಕೇಳಿದಳು. ಇಲ್ಲ ಎಂದೆ. ಬಾಗಿಲಲ್ಲಿ ನಿಂತಿದ್ದ ನನ್ನ ಮಗನ ಕಡೆ ತಿರುಗಿ, ಹನ್ನೊಂದನೆಯ ಪುಟವನ್ನು ಮಾವ ಬರೆದುಕೊಡುತ್ತಾರೆ, ಅದು ಅಚ್ಚಾಗದಿದ್ದರೆ ನಾಳೆಯಿಂದ ಹೂವಿನ ಕೆಲಸ ನೀವೇ ನೋಡಿಕೊಳ್ಳಿ ಎಂದಳು. ಬರೆದುಕೊಟ್ಟಿದ್ದೇನೆ. ಮೇಲೆ ನಿನಗೆ ಬರೆದದ್ದನ್ನೇ, ಕರಬೂಜ ಫಿನಾಯಿಲ್ ಯಾವುದನ್ನೂ ಬಿಡದೆ, ಕೆಳಗೆ ನನ್ನ ರುಜು ಹಾಕಿ ಕೊಟ್ಟಿದ್ದೇನೆ. ಮಗನ ಮುಖ ಕಪ್ಪಿಟ್ಟಿದೆ. ಅತ್ತರು ಅದನ್ನು ಓದಿ, ಓದುವವರಿಗೆ ಖುಷಿಯಾಗುವುದಿಲ್ಲ ಎಂದ.

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಸೊಸೆ ತಾನೇ ನಿನಗೆ ತಲುಪಿಸುತ್ತೇನೆ ಎಂದು ಬಸ್ಸಿನ ಹೊತ್ತು ಕೇಳಿಕೊಂಡು ಬಂದು ಇಲ್ಲೇ ನಿಂತಿದ್ದಾಳೆ. ನೀನು ಇದನ್ನು ಓದುವಾಗ ನಿನ್ನ ಎದುರಿಗೇ ಇರುತ್ತಾಳೆ. ಅವಳು ನನ್ನ ಪರವಾಗಿ ಬಂದವಳಲ್ಲ, ನಿನ್ನ ಹತ್ತಿರ ಕೆಲಸ ಕಲಿಯಬೇಕಂತೆ. ನನಗೆ ಏನು ಹೇಳಬೇಕೋ ಆಮೇಲೆ ಹೇಳು, ಹೇಳದಿದ್ದರೂ ಸರಿ. ಅವಳ ಕೈಯಲ್ಲಿ ಇಪ್ಪತ್ತೈದು ಕಾರ್ನೇಷನ್ ಇವೆ, ನೀರಿಲ್ಲದೆ ಅಷ್ಟು ದೂರ ಬಂದಿವೆ. ಮೊದಲು ಅವನ್ನು ಇಸಿದುಕೊ ತಂಗೀ, ನಿನ್ನ ಕೈಯಿಂದಲೇ ಕತ್ತರಿಸಿ ನೀರಿಗಿಡು.